ಕೆಂಪಕ್ಕನನ್ನು ಮುಯ್ಯಿಗೆ ಕೊಟ್ಟವಳ ಹೊಟ್ಟೆಕಿಚ್ಚು

ಜಗಳೂರು ತಾಲ್ಲೂಕು,
ಮಾರ್ಚ್ 1984

ದಾವಣಗೆರೆಯ ಪ್ರಾದೇಶಿಕ ಕಚೇರಿಯಲ್ಲಿ ಕುಳಿತು ನಾಲ್ಕು ಬಾಲವಾಡಿಗಳ ಹಣೆಬರಹ ಬರೆಯುವ ನಿರ್ದೇಶಕರೇ,

ಮಾನ್ಯರೇ, ನನಗೆ ಹೊಟ್ಟೆಕಿಚ್ಚು. ಪತ್ರಿಕೆಯಲ್ಲಿ ಈ ಬಹಿರಂಗ ಪತ್ರವನ್ನು ಓದಿದ ಮೇಲೆ ನಿಮ್ಮ ಕಚೇರಿಯಲ್ಲಿ ಯಾರಾದರೊಬ್ಬರು "ಆ ಯಮ್ಮನಿಗೆ ಹೊಟ್ಟೆಕಿಚ್ಚು, ಅದಕ್ಕೇ ಪತ್ರಿಕೆಗೆ ಬರೆದಿದ್ದಾಳೆ" ಎಂದು ಹೇಳಿಯೇ ಹೇಳುತ್ತಾರೆ. ಅವರಿಗೆ ಆ ಶ್ರಮ ಬೇಡವೆಂದು ನಾನೇ ಮೊದಲ ಸಾಲಿನಲ್ಲಿ ಬರೆದಿದ್ದೇನೆ. ನಿಮ್ಮ ಸಂಸ್ಥೆ ಈ ವರ್ಷದ ಅತ್ಯುತ್ತಮ ಬಾಲವಾಡಿಯೆಂಬ ಫಲಕವನ್ನು ಚನ್ನಗಿರಿ ತಾಲ್ಲೂಕಿನಲ್ಲಿ ಸೂಳೆಕೆರೆ ದಂಡೆಯ ಹಳ್ಳಿಯೊಂದಕ್ಕೆ ಕೊಟ್ಟಿದೆ. ಅದನ್ನು ನಡೆಸುವ ನಿರ್ಮಲಮ್ಮನನ್ನು ವಿಮಾನ ಹತ್ತಿಸಿ ಸಮುದ್ರದಾಚೆಯ ಮುಖ್ಯ ಕಚೇರಿಗೆ ಭಾಷಣಕ್ಕೆ ಕಳಿಸುತ್ತಿದೆ. ಅದೇ ವಾರದ ಟಪಾಲಿನಲ್ಲಿ ನನ್ನ ಬಾಲವಾಡಿಯನ್ನು "ತಾಯಂದಿರ ಸಹಭಾಗಿತ್ವ ತೃಪ್ತಿಕರವಾಗಿಲ್ಲದ ಕಾರಣ" ಈ ತಿಂಗಳ ಕೊನೆಗೆ, ಅಂದರೆ ಯುಗಾದಿಗೆ ಮುಂಚೆ, ಮುಚ್ಚುವಂತೆ ಆದೇಶ ಬಂದಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎನ್ನುತ್ತಾರೆ. ನೀವು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಜ್ವರ ಬಂದ ಎತ್ತಿಗೆ ಹೂವಿನ ಹಾರವನ್ನೂ ಹಾಕಿದ್ದೀರಿ.

ನಾನು ಉಚ್ಚಂಗೆಮ್ಮ. ಜಗಳೂರಿನಿಂದ ಮಣ್ಣುರಸ್ತೆಯಲ್ಲಿ ಹೋದರೆ ಸಿಗುವ ಊರೊಂದರಲ್ಲಿ ನಿಮ್ಮ ಬಾಲವಾಡಿ ನಡೆಸುವವಳು. ಹನುಮಂತರಾಯನ ಗುಡಿಯ ಪಕ್ಕದ ಹಳೆಯ ಚಾವಡಿಯೇ ನಮ್ಮ ಕಟ್ಟಡ. ಅಡುಗೆಗೆ ಅಜ್ಜಮ್ಮ ಇದ್ದಾಳೆ. ನಮ್ಮ ಮಕ್ಕಳೆಲ್ಲ ಹೊಲಗೆಲಸಕ್ಕೆ ಹೋಗುವ ಹೆಂಗಸರ ಮಕ್ಕಳು. ಬೆಳಿಗ್ಗೆ ಬುತ್ತಿಗಂಟಿನ ಜೊತೆ ಮಗುವನ್ನೂ ಎತ್ತಿಕೊಂಡು ಬರುತ್ತಾರೆ, ಮಗುವನ್ನು ನನ್ನ ಕೈಗೆ ಕೊಡುತ್ತಾರೆ, ಗಂಟನ್ನು ತಲೆಗೇರಿಸುತ್ತಾರೆ, ಹೊರಡುತ್ತಾರೆ. ನಿರ್ಮಲಮ್ಮನ ಬಾಲವಾಡಿ ಹಾಗಲ್ಲ. ಅದಕ್ಕೆ ಮಂಗಳೂರು ಹೆಂಚಿನ ಕಟ್ಟಡವಿದೆ, ಕಿಟಕಿಗೆ ಪರದೆಯಿದೆ, ಸೀಲಿಂಗ್ ಫ್ಯಾನ್ ಇದೆ, ಮಕ್ಕಳನ್ನು ತೂಗುವ ತಕ್ಕಡಿಯಿದೆ. ನೀವು ವರದಿಯಲ್ಲಿ ಶಾಂತಿಸಾಗರ ಎಂದು ಬರೆಯುವ ಸೂಳೆಕೆರೆಯಿಂದ ಮಧ್ಯಾಹ್ನ ತಣ್ಣನೆ ಗಾಳಿ ಬೀಸುತ್ತದೆ. ಗಂಡ ಮಲ್ಲಿಕಾರ್ಜುನಪ್ಪನವರಿಗೆ ಅಡಿಕೆ ವ್ಯಾಪಾರ, ಸ್ವಂತ ಲಾರಿ. ನಿಮ್ಮ ಸಂಬಳ ತಡವಾದರೂ ಅವಳ ಮನೆಯ ಒಲೆ ಉರಿಯುತ್ತದೆ. ಇಷ್ಟರ ಮೇಲೆ ಅವಳು ಒಳ್ಳೆಯವಳು ಬೇರೆ. ಜಂಬವಿಲ್ಲ, ಕೊಂಕು ಮಾತಿಲ್ಲ, ಸಭೆಗೆ ಬಂದರೆ ತಂದ ತಿಂಡಿಯನ್ನು ಹಂಚಿಕೊಂಡೇ ತಿನ್ನುತ್ತಾಳೆ. ಅವಳು ಕೆಟ್ಟವಳಾಗಿದ್ದರೆ ನನಗೆ ಇಷ್ಟು ಉರಿಯುತ್ತಿರಲಿಲ್ಲ.

ಈಗ ನಿಮ್ಮ ಮೌಲ್ಯಮಾಪನದ ವಿಚಾರಕ್ಕೆ ಬರುತ್ತೇನೆ. ಪ್ರತಿ ಬಾಲವಾಡಿಗೂ ಆಗಾಗ ನಿಮ್ಮ ಜೀಪು ಬರುತ್ತದೆ. ಜೀಪಿನಲ್ಲಿ ಕಾರ್ಯಕ್ರಮ ಅಧಿಕಾರಿ ಇರುತ್ತಾರೆ, ಅವರ ಜೊತೆ ಮುಖ್ಯ ಕಚೇರಿಯ ದೇಶದಿಂದ ಬಂದ ಒಬ್ಬಿಬ್ಬರು ಅತಿಥಿಗಳು. ಮಕ್ಕಳು ಒಂದು ಹಾಡು ಹೇಳಬೇಕು. ಆಮೇಲೆ ತಾಯಂದಿರ ಸಭೆ. ಎಷ್ಟು ತಾಯಂದಿರು ಬಂದರು, ಅವರಲ್ಲಿ ಎಷ್ಟು ಜನ ಎದ್ದು ನಿಂತು ಮಾತಾಡಿದರು, ಇದಕ್ಕೆ ಅಂಕ. ಅಂಕ ಹೆಚ್ಚಿದ್ದ ಕಡೆಗೆ ಮುಂದಿನ ವರ್ಷ ಫ್ಯಾನು, ಕಡಿಮೆಯಿದ್ದ ಕಡೆಗೆ ಎಚ್ಚರಿಕೆ. ಮಗು ಹೇಗಿದೆ, ಉಂಡಿತೇ, ತಾಯಿ ಎಲ್ಲಿಗೆ ಹೋಗಿದ್ದಾಳೆ, ಏಕೆ ಹೋಗಿದ್ದಾಳೆ ಎಂಬುದಕ್ಕೆ ನಿಮ್ಮಲ್ಲಿ ಅಂಕವಿಲ್ಲ. ಸ್ವಾಮಿ, ತಾಯಿ ಕೆಲಸಕ್ಕೆ ಹೋಗಲಿ ಎಂದೇ ಬಾಲವಾಡಿ ತೆರೆದಿರಿ. ತಾಯಿ ಕೆಲಸಕ್ಕೆ ಹೋಗಿದ್ದಾಳೆ ಎಂದು ಅಂಕ ಕಳೆಯುತ್ತೀರಿ. ಇದು ಯಾವ ದೇಶದ ಲೆಕ್ಕ?

ಸಂತೇಬೆನ್ನೂರಿನಲ್ಲಿ ಪ್ರತಿ ತಿಂಗಳು ನಮ್ಮ ನಾಲ್ವರು ಕಾರ್ಯಕರ್ತೆಯರ ಸಭೆ ನಡೆಯುವುದು ನಿಮಗೆ ಗೊತ್ತು. ನಾನು, ನಿರ್ಮಲಮ್ಮ, ಹೊನ್ನಾಳಿ ಕಡೆಯ ಕಸ್ತೂರಮ್ಮ, ನ್ಯಾಮತಿ ಕಡೆಯ ದ್ಯಾಮಮ್ಮ. ಅಧಿಕಾರಿಗಳು ಭತ್ಯೆಯ ರಸೀದಿಗೆ ಸಹಿ ಹಾಕಿಸಿಕೊಂಡು ಹೊರಟ ಮೇಲೆ ನಾವು ಸಂತೆಯ ಬದಿಯ ಮರದಡಿ ಕೂತು ನಿಜವಾದ ಸಭೆ ನಡೆಸುತ್ತೇವೆ. ಅದು ನಿಮಗೆ ಗೊತ್ತಿಲ್ಲ. ಎರಡು ವರ್ಷದ ಹಿಂದೆ ಒಂದು ಸಂತೆಯ ದಿನ ದ್ಯಾಮಮ್ಮ ಕಣ್ಣಿಗೆ ಸೆರಗು ಒತ್ತಿಕೊಂಡು ಕೂತಿದ್ದಳು. ಮುಂದಿನ ವಾರ ಅವಳಲ್ಲಿಗೆ ಜೀಪು ಬರುವುದಿತ್ತು. ಅವಳ ಊರಿನ ಹೆಂಗಸರೆಲ್ಲ ಕಬ್ಬು ಕಡಿಯಲು ಹೋಗಿದ್ದರು.

"ಸಭೆಗೆ ಯಾರನ್ನ ಕೂರಿಸ್ಲಿ? ಎಮ್ಮೆನಾ?" ಎಂದಳು ದ್ಯಾಮಮ್ಮ.

"ಬಿತ್ತಾಕೆ ಆಳು ಸಾಲದಿದ್ರೆ ಏನ್ ಮಾಡ್ತೀವ್ರಿ?" ಎಂದಳು ಕಸ್ತೂರಮ್ಮ. "ಮುಯ್ಯಾಳು ಕರೀತೀವಿ. ಇದಕ್ಕೂ ಹಂಗೇ ಮಾಡಾನ. ನಮ್ಮೂರ ಹೆಂಗಸ್ರನ್ನ ಟ್ರಾಕ್ಟರ್‌ನಾಗೆ ಕಳಿಸ್ತೀನಿ. ನಂಗೆ ಬೇಕಾದಾಗ ನೀವು ಕಳಿಸ್ರಿ."

ಮುಯ್ಯಾಳು ಎಂದರೆ ನಿಮ್ಮ ಅತಿಥಿಗಳಿಗೆ ತಿಳಿಯಲಿಕ್ಕಿಲ್ಲ. ಇಂದು ನಿಮ್ಮ ಹೊಲಕ್ಕೆ ನಾವು ಬಂದು ದುಡಿಯುತ್ತೇವೆ, ನಾಳೆ ನಮ್ಮ ಹೊಲಕ್ಕೆ ನೀವು. ಕೂಲಿಯಿಲ್ಲ, ಕಾಗದವಿಲ್ಲ, ಮಾತೇ ಸಾಲ. ಆ ಸಾಲ ತೀರಿಸದವರಿಗೆ ಊರಲ್ಲಿ ಮರ್ಯಾದೆ ಇರುವುದಿಲ್ಲ. ಹೀಗೆ ನ್ಯಾಮತಿಗೆ ಹೊನ್ನಾಳಿಯ ತಾಯಂದಿರು ಹೋದರು, ಹೊನ್ನಾಳಿಗೆ ಸೂಳೆಕೆರೆಯವರು ಹೋದರು, ಸೂಳೆಕೆರೆಗೆ ನಮ್ಮವರು ಹೋದರು. ನಿಮ್ಮ ಅಂಕಗಳೆಲ್ಲ ಏರಿದವು. "ಪ್ರದೇಶದಾದ್ಯಂತ ಮಹಿಳೆಯರಲ್ಲಿ ಅಭೂತಪೂರ್ವ ಜಾಗೃತಿ" ಎಂದು ನೀವು ಸುತ್ತೋಲೆ ಕಳಿಸಿದಿರಿ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ.

ಇದನ್ನು ಓದಿ ನೀವು ಮೋಸ ಎನ್ನುತ್ತೀರಿ. ನಾಲ್ವರಲ್ಲಿ ಒಬ್ಬರಿಗೂ ಅದು ಮೋಸವೆಂದು ಆಗ ಹೊಳೆಯಲಿಲ್ಲ ಎಂದರೆ ನಂಬುವಿರಾ? ನಮ್ಮ ಕಡೆ ಪಕ್ಕದ ಮನೆಗೆ ಹೆಣ್ಣು ನೋಡಲು ಬೀಗರು ಬರುತ್ತಾರೆ ಎಂದರೆ ನಮ್ಮ ಮನೆಯ ಜಮಖಾನ ಅಲ್ಲಿಗೆ ಹೋಗುತ್ತದೆ. ಎದುರು ಮನೆಯ ಹಿತ್ತಾಳೆ ಚೊಂಬು ಹೋಗುತ್ತದೆ. ಮೇಷ್ಟ್ರ ಮನೆಯ ಕುರ್ಚಿ ಹೋಗುತ್ತದೆ. ಹೆಣ್ಣಿನ ಕತ್ತಿನ ಸರ ಕೂಡ ಯಾರದೋ ಇರುತ್ತದೆ. ಬೀಗರಿಗೂ ಅದು ಗೊತ್ತು, ಅವರೂ ಮನೆಯಿಂದ ಹೊರಟಾಗ ತೊಟ್ಟ ಅಂಗಿ ಯಾರದೋ. ಬಂದವರಿಗೆ ಖಾಲಿ ಮನೆ ತೋರಿಸುವುದು ಅವಮರ್ಯಾದೆ, ಅಷ್ಟೆ. ನಾವು ನಿಮ್ಮನ್ನು ಬೀಗರು ಎಂದುಕೊಂಡೆವು. ದೂರದಿಂದ ಬಂದವರು, ಹಾರ ಹಾಕಿಸಿಕೊಂಡವರು, ಪಾಯಸ ಕುಡಿದವರು. ಪಾಯಸ ಕುಡಿದು ಮೂತಿ ಒರೆಸಿಕೊಂಡು ಜೀಪು ಹತ್ತಿದ ಮೇಲೆ ನೀವು ಪರೀಕ್ಷಕರಾಗುತ್ತೀರಿ ಎಂದು ನಮಗೆ ಯಾರೂ ಹೇಳಿರಲಿಲ್ಲ. ಬೀಗರಾಗಿ ಬಂದಿದ್ದರೆ ಕ್ಷಮಿಸಿ ಹೋಗುತ್ತಿದ್ದಿರಿ. ಕಲಿಯಲು ಬಂದಿದ್ದರೆ ಕೇಳಿ ಹೋಗುತ್ತಿದ್ದಿರಿ. ನೀವು ಎರಡೂ ಅಲ್ಲ.

ಹೋದ ವರ್ಷ ಶ್ರಾವಣದಲ್ಲಿ ಸೂಳೆಕೆರೆಗೆ ಮುಖ್ಯ ಕಚೇರಿಯ ದೊಡ್ಡ ಅತಿಥಿಯಮ್ಮ ಬರುವುದಿತ್ತು. ನಮ್ಮ ಕಡೆ ಕಳೆ ಕೀಳುವ ಕೆಲಸ ಮುಗಿದಿತ್ತು, ಹೆಂಗಸರು ಬಿಡುವಾಗಿದ್ದರು. ಮಲ್ಲಿಕಾರ್ಜುನಪ್ಪನವರ ಅಡಿಕೆ ಲಾರಿ ಬೆಳಗಿನ ಜಾವವೇ ನಮ್ಮೂರಿಗೆ ಬಂತು. ನಮ್ಮ ಬಾಲವಾಡಿಯ ತಾಯಂದಿರು, ಕೆಂಪಕ್ಕ, ಲಕ್ಷ್ಮಕ್ಕ, ಕರಿಯಕ್ಕ ಎಲ್ಲರೂ ಮದುವೆ ದಿಬ್ಬಣಕ್ಕೆ ಹೊರಟಂತೆ ಹತ್ತಿದರು. ಸೂಳೆಕೆರೆ ಏರಿ ಹತ್ತಿದಾಗ ಕೆಂಪಕ್ಕ ಲಾರಿಯ ಅಂಚು ಹಿಡಿದು ಎದ್ದು ನಿಂತಳು. ಅಷ್ಟು ನೀರನ್ನು ಒಟ್ಟಿಗೆ ಅವಳು ಕಂಡಿದ್ದು ಅದೇ ಮೊದಲು.

"ಇಷ್ಟೂ ಇವರದೇ ಏನ್ರಿ ಟೀಚರಮ್ಮ?" ಎಂದು ಕೇಳಿದಳು.

"ಹೂಂ, ಇವರದೇ" ಎಂದೆ. ನನ್ನ ಹೊಟ್ಟೆಯೊಳಗಿನ ಒಲೆಗೆ ಮೊದಲ ಕಡ್ಡಿ ಗೀರಿದ್ದು ಆಗಲೇ ಇರಬೇಕು. ನಮ್ಮಲ್ಲಿ ಬಾಲವಾಡಿಯ ಗಡಿಗೆಗೆ ನೀರು ತುಂಬಿಸುವುದೇ ಅಜ್ಜಮ್ಮನಿಗೆ ಅರ್ಧ ಬೆಳಗಿನ ಕೆಲಸ.

ನಿರ್ಮಲಮ್ಮನ ಮನೆಯಲ್ಲಿ ಎಲ್ಲರಿಗೂ ಹೋಳಿಗೆ, ತುಪ್ಪ. ಆಮೇಲೆ ಸಭೆ. ಹೆಂಗಸರು ಶಾಲೆಯ ಮಕ್ಕಳಂತೆ ಸಾಲಾಗಿ ಕೂತರು. ಅತಿಥಿಯಮ್ಮ ಬಂದು ಕೈಮುಗಿದರು. ಬಾಲವಾಡಿಯಿಂದ ಏನು ಅನುಕೂಲವಾಯಿತು ಎಂದು ನಿಮ್ಮ ಕಾರ್ಯಕ್ರಮ ಅಧಿಕಾರಿ ಕನ್ನಡದಲ್ಲಿ ಕೇಳಿದರು. ಯಾರೂ ಏಳಲಿಲ್ಲ. ನಿರ್ಮಲಮ್ಮ ನನ್ನ ಕಡೆ ನೋಡಿದಳು. ನಾನು ಕೆಂಪಕ್ಕನ ಕಡೆ ನೋಡಿದೆ. ಹಾಡಿಗೆ ಕರೆದರೂ ಜಗಳಕ್ಕೆ ಕರೆದರೂ ಮುಂದೆ ಬರುವವಳು ಅವಳು. ಎರಡು ಒಳ್ಳೆಯ ಮಾತು ಹೇಳಿ ಕೂರುತ್ತಾಳೆ ಎಂದುಕೊಂಡಿದ್ದೆ.

ಕೆಂಪಕ್ಕ ಎದ್ದು ನಿಂತು ಹೇಳಿದ್ದು ಇದು: "ನನ್ ಮಗೀನ ಹತ್ತಿ ಹೊಲದ ಬದುವಿನ ಮ್ಯಾಲೆ ಮಲಗ್ಸಿ ಸಾಲು ಹಿಡಿದಿದ್ದೆ ಕಣವ್ವ. ಸಾಲಿನ ಕೊನೀಗೆ ಹೋಗಿ ತಿರುಗಿ ಬರೋದ್ರಾಗೆ ಹಾವು ಮುಟ್ಟಿತ್ತು. ಅತ್ತಿದ್ದೂ ಕೇಳಿಸ್ಲಿಲ್ಲ. ಆಗ ನಮ್ಮೂರಾಗೆ ಬಾಲವಾಡಿ ಇರ್ಲಿಲ್ಲ. ಈಗ ಐತೆ. ಆಮ್ಯಾಲೆ ಹುಟ್ಟಿದ್ದನ್ನ ಅಲ್ಲಿ ಬಿಟ್ಟು ಹೋಗ್ತೀನಿ. ಈಗ ಸಾಲಿಗೆ ನಿಂತ್ರೆ ತಿರುತಿರುಗಿ ಬದುವಿನ ಕಡೆ ನೋಡಲ್ಲ. ಅಷ್ಟೇ ನಾ ಹೇಳಾದು."

ಅವಳ ಮಗು ಸತ್ತಿದ್ದು ನನಗೆ ಗೊತ್ತಿತ್ತು. ಆದರೆ ಅವಳು ಅದನ್ನು ಬಾಯಿಬಿಟ್ಟು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅಧಿಕಾರಿ ಅದನ್ನು ಇಂಗ್ಲಿಷಿನಲ್ಲಿ ಹೇಳಿದರು. ಅತಿಥಿಯಮ್ಮ ಕನ್ನಡಕ ತೆಗೆದು ಅತ್ತರು, ಎದ್ದು ಬಂದು ಕೆಂಪಕ್ಕನ ಕೈ ಹಿಡಿದರು, ಹಾಗೆಯೇ ನಿಂತು ಫೋಟೋ ತೆಗೆಸಿಕೊಂಡರು. ಆಮೇಲೆ ನಿರ್ಮಲಮ್ಮನ ಬೆನ್ನು ತಟ್ಟಿದರು. ಮಾನ್ಯರೇ, ಆ ಅಳು ನನ್ನ ಊರಿನದು. ತಟ್ಟಿಸಿಕೊಳ್ಳಬೇಕಿದ್ದ ಬೆನ್ನು ಹಿಂದಿನ ಸಾಲಿನಲ್ಲಿ ಚಾಪೆಯ ಮೇಲೆ ಕೂತಿತ್ತು. ಒಂದು ಸತ್ತ ಮಗುವಿನ ವಿಚಾರದಲ್ಲಿ ಹೊಟ್ಟೆಕಿಚ್ಚುಪಡುವ ಹೆಂಗಸು ಎಂಥವಳು ಎಂದು ನನ್ನನ್ನೇ ನಾನು ಬೈದುಕೊಂಡೆ. ಬೈದುಕೊಂಡರೂ ಉರಿ ನಿಲ್ಲಲಿಲ್ಲ.

ಒಂದು ಮಾತು ಕೇಳುತ್ತೇನೆ. ಸೂಳೆಕೆರೆಯ ನಾಲೆಯ ಕೆಳಗೆ ಭತ್ತ ಬೆಳೆಯುತ್ತದೆ, ತೋಟವಿದೆ. ಕಣ್ಣು ಹಾಯುವಷ್ಟು ದೂರ ಹಸಿರು. ಅಲ್ಲಿ ನಿಂತು ಒಬ್ಬ ತಾಯಿ ಹತ್ತಿ ಹೊಲದ ಕಥೆ ಹೇಳಿದಾಗ, ಆ ಹತ್ತಿ ಹೊಲ ಎಲ್ಲಿದೆ ತೋರಿಸಿ ಎಂದು ನಿಮ್ಮವರಲ್ಲಿ ಒಬ್ಬರಾದರೂ ಕೇಳಿದರೇ? ಕೇಳಿದ್ದರೆ ಅಲ್ಲೇ ಗುಟ್ಟು ಬಯಲಾಗುತ್ತಿತ್ತು. ನಾವು ನಾಲ್ವರೂ ನಾಚಿ ನಗುತ್ತಿದ್ದೆವು, ನೀವು ಏನಾದರೂ ಕಲಿಯುತ್ತಿದ್ದಿರಿ. ಅಂಗೈ ಹುಣ್ಣಿಗೆ ಕನ್ನಡಿ ಬೇಕಿರಲಿಲ್ಲ. ಆದರೆ ನಿಮ್ಮವರ ಕಣ್ಣು ಅಂಕದ ಮೇಲಿತ್ತು.

ಹೊಸ ವರ್ಷಕ್ಕೆ ನಿಮ್ಮ ಸಂಸ್ಥೆಯ ಕ್ಯಾಲೆಂಡರ್ ಬಂತು. ಮೊದಲ ಹಾಳೆಯಲ್ಲೇ ಕೆಂಪಕ್ಕ. ಕೆಳಗೆ "ಚನ್ನಗಿರಿ ಯೋಜನೆಯ ತಾಯಿ" ಎಂದು ಅಚ್ಚಾಗಿತ್ತು. ಅದನ್ನು ಬಾಲವಾಡಿಯ ಗೋಡೆಗೆ ನಾನೇ ಮೊಳೆ ಹೊಡೆದು ತೂಗುಹಾಕಬೇಕಾಯಿತು. ಕೆಂಪಕ್ಕನಿಗೆ ಓದಲು ಬರುವುದಿಲ್ಲ. ಸಂಜೆ ಮಗುವನ್ನು ಕರೆದೊಯ್ಯಲು ಬಂದವಳು ಅದರ ಮುಂದೆ ನಿಂತು, "ನನ್ ಸೀರೆ ಚೆಂದ ಬಂದೈತೆ ಅಲ್ವೇನ್ರಿ?" ಎಂದಳು. ಆ ಸೀರೆಯೂ ಅವಳದಲ್ಲ, ಕರಿಯಕ್ಕನದು. ಚೆಂದ ಬಂದೈತೆ ಎಂದೆ.

ಇನ್ನು ನನ್ನ ಸರದಿ. ಸಂಕ್ರಾಂತಿ ಕಳೆದ ಮೇಲೆ ನನ್ನ ಬಾಲವಾಡಿಗೆ ಜೀಪು ಬರುತ್ತದೆ ಎಂದು ಸೂಚನೆ ಬಂತು. ಅದು ಹತ್ತಿ ಒಡೆಯುವ ಕಾಲ. ನಮ್ಮ ಹೆಂಗಸರು ಯಾರೂ ಮನೆಯಲ್ಲಿ ಇರುವುದಿಲ್ಲವೆಂದು ಗೊತ್ತಿದ್ದರಿಂದ ಬಸ್ಸಿನ ಕಂಡಕ್ಟರ್ ಕೈಲಿ ನಿರ್ಮಲಮ್ಮನಿಗೆ ಹೇಳಿ ಕಳಿಸಿದೆ. ಲಾರಿ ತುಂಬ ಹೆಂಗಸರನ್ನು ಕಳಿಸುತ್ತೇನೆ, ಚಿಂತೆ ಬೇಡವೆಂದು ಉತ್ತರ ಬಂತು. ಆ ದಿನ ನಾನೂ ಅಜ್ಜಮ್ಮನೂ ಬೀದಿಗೆ ನೀರು ಹಾಕಿ, ರಂಗೋಲಿ ಬಿಟ್ಟು, ರಸ್ತೆ ನೋಡುತ್ತ ಕೂತೆವು. ಧೂಳೆದ್ದಿತು. ಲಾರಿಯ ಧೂಳೆಂದು ಎದ್ದು ನಿಂತೆ. ಬಂದಿದ್ದು ಜೀಪು.

ಚಾವಡಿಯಲ್ಲಿ ಮಕ್ಕಳು ಗಂಜಿ ಕುಡಿದು ಮಲಗಿದ್ದವು. ಸಾಲಾಗಿ, ಹೊಟ್ಟೆ ತುಂಬಿದ ನಿದ್ದೆ. ನಿಮ್ಮ ಅಧಿಕಾರಿ ಹೊಸ್ತಿಲಲ್ಲೇ ನಿಂತರು.

"ತಾಯಂದಿರು ಎಲ್ಲಿ?"

"ಹತ್ತಿ ಬಿಡಿಸಾಕೆ ಹೋಗ್ಯಾರೆ ಸಾರ್."

"ಇವತ್ತು ಸಭೆ ಇದೆ ಅಂತ ತಿಳಿಸಿರಲಿಲ್ವಾ?"

"ಅವರಿಗೆಲ್ಲ ತಿಳಿಸಿದ್ದೆ ಸಾರ್. ಹತ್ತಿಗೆ ತಿಳಿಸಾಕೆ ಆಗ್ಲಿಲ್ಲ."

ಅವರು ನಗಲಿಲ್ಲ. ಜೊತೆಗೆ ಬಂದಿದ್ದ ಬಿಳಿಯ ದೊರೆ ಮಕ್ಕಳು ಮಲಗಿದ್ದನ್ನು ನೋಡಿ ಏನೋ ಕೇಳಿದರು. ಅಧಿಕಾರಿ ಏನೋ ಹೇಳಿದರು. ತಾಯಂದಿರ ಸಭೆ ನಡೆಯಲೇಬೇಕಿತ್ತಾದ್ದರಿಂದ ಇದ್ದೊಬ್ಬ ಅಜ್ಜಮ್ಮನನ್ನೇ ಚಾಪೆಯ ಮೇಲೆ ಕೂರಿಸಿದೆವು. ಬಾಲವಾಡಿಯಿಂದ ನಿಮಗೇನು ಸಿಕ್ಕಿದೆ ಎಂದು ಅವಳನ್ನು ಕೇಳಲಾಯಿತು. "ಸೊಂಟನೋವು" ಎಂದಳು ಅಜ್ಜಮ್ಮ. ಅದನ್ನೂ ಇಂಗ್ಲಿಷಿನಲ್ಲಿ ಹೇಳಿದರೋ ಇಲ್ಲವೋ ತಿಳಿಯದು. ಜೀಪು ಹೊರಟುಹೋಯಿತು. ಅಲ್ಲಿಂದ ಕೂಗಿದರೆ ಕೇಳುವಷ್ಟು ದೂರದ ಹೊಲಗಳಲ್ಲಿ ನಮ್ಮ ಹೆಂಗಸರು ಮಡಿಲ ತುಂಬ ಹತ್ತಿ ತುಂಬಿಕೊಳ್ಳುತ್ತಿದ್ದರು. ಯಾವ ಬದುವಿನ ಮೇಲೂ ಒಂದು ಮಗು ಮಲಗಿರಲಿಲ್ಲ. ನನ್ನ ಕೆಲಸ ಅಲ್ಲಿತ್ತು. ನೀವು ಅದನ್ನು ಚಾವಡಿಯಲ್ಲಿ ಹುಡುಕಿ ಶೂನ್ಯ ಕೊಟ್ಟಿರಿ.

ನಿರ್ಮಲಮ್ಮನ ಊರಿನಲ್ಲಿ ಬಾಲವಾಡಿ ಬೇಡವೆಂದು ನಾನು ಹೇಳುವುದಿಲ್ಲ. ಅಲ್ಲಿಯೂ ಮಕ್ಕಳು ಹಾಡು ಕಲಿಯುತ್ತವೆ, ಹಾಲು ಕುಡಿಯುತ್ತವೆ. ಆದರೆ ಅಲ್ಲಿ ಬಹುಪಾಲು ಮನೆಗಳಲ್ಲಿ ಮಗುವನ್ನು ನೋಡಿಕೊಳ್ಳಲು ಅಜ್ಜಿಯಿದ್ದಾಳೆ, ಹೊಲ ಮನೆಯ ಹಿಂದೆಯೇ ಇದೆ, ತಾಯಿ ನಡುವೆ ಒಮ್ಮೆ ಬಂದು ಹಾಲು ಕೊಟ್ಟು ಹೋಗುತ್ತಾಳೆ. ಸಭೆಗೆ ಬರಲು ಬಿಡುವಿರುವ ತಾಯಿಗೆ ನಿಮ್ಮ ಅಂಕ, ಬಿಡುವೇ ಇಲ್ಲದ ತಾಯಿಗೆ ನಿಮ್ಮ ಬೀಗ.

ಫೆಬ್ರವರಿ ಸಭೆಯಲ್ಲಿ ನಿರ್ಮಲಮ್ಮನನ್ನು ಮರದಡಿ ಹಿಡಿದು ಕೇಳಿದೆ. "ಮುಯ್ಯಿ ಉಳಿಸ್ಕೊಂಡ್ರಲ್ಲ ನಿರ್ಮಲಮ್ಮ, ನಿಮ್ಮಂಥೋರು ಹಿಂಗೆ ಮಾಡಬೌದೇನ್ರಿ?"

ಅವಳ ಮುಖ ಸಣ್ಣದಾಯಿತು. "ಸಿಟ್ಟಾಗ್ಬ್ಯಾಡ್ರಿ ಉಚ್ಚಂಗಕ್ಕ. ಅವತ್ತೇ ನಾಲೆಗೆ ನೀರು ಬಿಟ್ರು. ಎಲ್ಲಾರ ಗದ್ದೆನಾಗೂ ನಾಟಿ. ಮನೆ ಮನೆಗೂ ಹೋಗಿ ಕರೆದೆ, ಒಬ್ರೂ ಬರ್ಲಿಲ್ಲ. ನಾಟಿ ಬಿಟ್ಟು ಯಾರ್ ಬರ್ತಾರ್ರಿ?"

ಅವಳಿಗೆ ನೀರು ಬಂದಿದ್ದು ನನಗೆ ಹತ್ತಿ ಒಡೆದ ಹಾಗೆಯೇ. ಆದರೂ ಬಿಡಲಿಲ್ಲ. "ಶ್ರಾವಣದಾಗೆ ಬಂದೋರು ನಮ್ಮೂರೋರು ಅಂತ ಒಂದು ಮಾತು ಅವರಿಗೆ ಹೇಳಬೌದಿತ್ತಲ್ಲ?"

"ಹೇಳಿದ್ನಲ್ರಿ! ಫಲಕ ಕೊಡ್ತಾರೆ ಅಂತ ಗೊತ್ತಾದ ದಿನಾನೇ ಅಧಿಕಾರಿಗಳಿಗೆ ಹೇಳಿದೆ. ಕೆಂಪಕ್ಕ ನಮ್ಮೂರೋಳಲ್ಲ ಸಾರ್, ಜಗಳೂರು ಕಡೆಯೋಳು ಅಂದೆ. ವರದಿ ಆಗ್ಲೇ ಹೋಗಿಬಿಟ್ಟಿದೆ ಮೇಡಂ, ಈಗ ಬದಲಾಯಿಸೋಕಾಗಲ್ಲ ಅಂದ್ರು."

ಮಾನ್ಯರೇ, ಈ ಒಂದು ವಾಕ್ಯವನ್ನು ನೀವು ಎರಡು ಸಲ ಓದಬೇಕೆಂದು ವಿನಂತಿ. ಬಹುಮಾನ ಪಡೆದವಳೇ ಬಂದು ಬಹುಮಾನ ತಪ್ಪಾಗಿದೆ ಎಂದು ಹೇಳಿದ್ದಾಳೆ. ನಿಮ್ಮ ಸಂಸ್ಥೆಗೆ ಆ ಮಾತನ್ನು ಇಟ್ಟುಕೊಳ್ಳಲು ಜಾಗವಿರಲಿಲ್ಲ. ಇಂಥ ಸಂಸ್ಥೆ ಏನು ಕಲಿಯುತ್ತದೆ, ಯಾರಿಂದ ಕಲಿಯುತ್ತದೆ?

ಅಷ್ಟಕ್ಕೇ ಮಾತು ಮುಗಿದಿದ್ದರೆ ನಾನು ಅವಳ ತಿಂಡಿಯಲ್ಲಿ ಪಾಲು ತಿಂದು ಬರುತ್ತಿದ್ದೆ. ಆದರೆ ಅವಳು ನನ್ನ ಕೈ ಹಿಡಿದುಕೊಂಡು ಮೆಲ್ಲಗೆ ಹೇಳಿದಳು: "ಅಲ್ಲಿ ಹೋಗಿ ಮಾತಾಡಬೇಕಂತೆ ಅಕ್ಕ. ಕೆಂಪಕ್ಕ ಅವತ್ತು ಹೇಳಿದ್ದನ್ನೇ ಹೇಳ್ರಿ ಅಂತ ಹೇಳ್ಯಾರೆ. ನಂಗೆ ಪೂರಾ ನೆನಪಿಲ್ಲ. ಸ್ವಲ್ಪ ಹೇಳಿಕೊಡ್ತೀರಾ?" ನಾನು ಕೈ ಬಿಡಿಸಿಕೊಂಡು ಬಸ್‌ಸ್ಟ್ಯಾಂಡಿಗೆ ನಡೆದೆ. ಬಸ್ಸಿಗೆ ಇನ್ನೂ ಬೇಕಾದಷ್ಟು ಹೊತ್ತಿತ್ತು. ಬಿಸಿಲಲ್ಲೇ ನಿಂತೆ. ಹೋಳಿಗೆ ಅವಳದು, ಗಾಳಿ ಅವಳದು, ಫ್ಯಾನು ಅವಳದು, ಲಾರಿ ಅವಳದು, ವಿಮಾನ ಅವಳದು. ಕೆಂಪಕ್ಕನ ಸಂಕಟವನ್ನು ಕೂಡ ಅವಳ ಬಾಯಲ್ಲಿ ಇಟ್ಟು ಕಳಿಸಬೇಕೇ? ನನ್ನ ಹೊಟ್ಟೆಕಿಚ್ಚಿಗೂ ಒಂದು ಮಿತಿಯಿದೆ ಎಂದುಕೊಂಡಿದ್ದೆ. ಇಲ್ಲ ಎಂದು ಅಂದು ತಿಳಿಯಿತು.

ನೀವು ಕೇಳಬಹುದು: ಇಷ್ಟೆಲ್ಲ ತಿಳಿದವರು ಸಭೆಯಲ್ಲೇ ಏಕೆ ಹೇಳಲಿಲ್ಲ? ಹೇಳಿದ್ದೆವು. ಹಿಂದೊಮ್ಮೆ ಹೊನ್ನಾಳಿಯ ಕಸ್ತೂರಮ್ಮ ಎದ್ದು ನಿಂತು, ನೀವು ಕಳಿಸುವ ಹಾಲಿನಪುಡಿ ಕುಡಿದರೆ ಮಕ್ಕಳಿಗೆ ಭೇದಿಯಾಗುತ್ತದೆ, ತೆಳ್ಳಗೆ ಕಲಸಿ ರಾಗಿ ಗಂಜಿಗೆ ಬೆರೆಸಿದರೆ ಆಗುವುದಿಲ್ಲ ಎಂದಳು. ಅವಳು ಹೊಗಳಿಕೆಗೆ ಕಾದು ನಿಂತಿದ್ದಳು, ಪಾಪ. "ಬೇರೆ ಯಾವ ಕೇಂದ್ರದಿಂದಲೂ ಈ ದೂರು ಬಂದಿಲ್ಲ, ನಿಮ್ಮಲ್ಲೇ ಏಕೆ?" ಎಂದು ಕೇಳಲಾಯಿತು. ಅವಳ ಅಂಕ ಇಳಿಯಿತು. ಬೇರೆ ಕೇಂದ್ರಗಳಿಂದ ದೂರು ಬಂದಿರಲಿಲ್ಲ, ನಿಜ. ನಮ್ಮ ಮಕ್ಕಳಿಗೂ ಭೇದಿಯಾಗುತ್ತಿತ್ತು, ನಾವು ಬಾಯಿ ಮುಚ್ಚಿಕೊಂಡಿದ್ದೆವು. ಅಂದು ಮರದಡಿ ಕೂತು ಮೂವರೂ ಕಸ್ತೂರಮ್ಮನಿಂದ ಗಂಜಿಗೆ ಬೆರೆಸುವ ವಿಧಾನ ಕಲಿತೆವು. ಈಗ ನಾಲ್ಕೂ ಕಡೆ ಹಾಗೆಯೇ ಮಾಡುತ್ತೇವೆ. ನಾಲ್ಕೂ ಕಡೆಯಿಂದ "ಹಾಲಿನಪುಡಿ ಸೂಚನೆಯಂತೆ ವಿತರಿಸಲಾಗಿದೆ" ಎಂದು ಬರೆದು ಕಳಿಸುತ್ತೇವೆ. ನಿಮ್ಮ ಸಂಸ್ಥೆಯಲ್ಲಿ ಕಲಿಕೆ ನಡೆಯುವುದಿಲ್ಲ ಎಂದು ಯಾರು ಹೇಳಿದರು? ಚೆನ್ನಾಗಿಯೇ ನಡೆಯುತ್ತದೆ, ನೀವು ಜೀಪು ಹತ್ತಿ ಹೋದ ಮೇಲೆ.

ಕಳೆದ ವಾರ ಲಕ್ಷ್ಮಕ್ಕನ ಮನೆಯ ಮುಂದೆ ಹಾದುಹೋಗುತ್ತಿದ್ದೆ. ಅವಳ ಮಗ ಚಿತ್ತಪ್ಪನಿಗೆ ಇನ್ನೂ ಎರಡು ತುಂಬಿಲ್ಲ, ಈಗಷ್ಟೇ ನಡೆಯಲು ಕಲಿತು ಊರೆಲ್ಲ ಅಳೆಯುವ ವಯಸ್ಸು. ಪಡಸಾಲೆಯ ಕಂಬದ ಬುಡದಲ್ಲಿ ಕೂತು ಅಳುತ್ತಿದ್ದ. ಅವನ ಸೊಂಟಕ್ಕೆ ಹಳೆಯ ಸೀರೆಯ ಅಂಚು ಸುತ್ತಿತ್ತು. ಅದರಿಂದ ಕಂಬಕ್ಕೆ ಹಗ್ಗ. ಲಕ್ಷ್ಮಕ್ಕ ಅವನ ಎದುರಿಗೇ ಕೂತು ಜೋಳ ಹಸನು ಮಾಡುತ್ತಿದ್ದಳು.

"ಮನೆನಾಗೆ ಇದ್ದು ಯಾಕೆ ಕಟ್ಟಿದ್ದೀಯೇ?" ಎಂದು ಗದರಿದೆ.

"ಬಾಲವಾಡಿ ಮುಚ್ತಾರಂತಲ್ರಿ ಟೀಚರಮ್ಮ" ಎಂದಳು ತಲೆ ಎತ್ತದೆ. "ಒಮ್ಮೆಲೇ ದಿನಪೂರ್ತಿ ಕಟ್ಟಿ ಹೋದ್ರೆ ಹೆದರ್ಕೊಂತಾನೆ. ಅದಕ್ಕೇ ನಾನಿರೋವಾಗ್ಲೇ ಸ್ವಲ್ಪ ಸ್ವಲ್ಪ ಹೊತ್ತು ರೂಢಿ ಮಾಡಿಸ್ತಿದ್ದೀನಿ."

ಅದನ್ನು ಕಂಡು ನನ್ನ ಹೊಟ್ಟೆಕಿಚ್ಚು ಆರಿತು, ಮನಸ್ಸು ದೊಡ್ಡದಾಯಿತು ಎಂದು ಬರೆದರೆ ನಿಮಗೆ ಚೆನ್ನಾಗಿ ಕಾಣುತ್ತಿತ್ತು. ಆರಲಿಲ್ಲ. ಇಷ್ಟು ದಿನ ನಿರ್ಮಲಮ್ಮನೊಬ್ಬಳ ಮೇಲಿತ್ತು, ಈಗ ಸೂಳೆಕೆರೆಯ ದಂಡೆಯ ಮೇಲೆ ಓಡಾಡಿಕೊಂಡಿರುವ ಪ್ರತಿ ಮಗುವಿನ ಮೇಲೂ ಬಂದಿದೆ. ಅವು ಬೀಳಲಿ, ಏಳಲಿ, ಅಜ್ಜಿಯ ಸೆರಗು ಹಿಡಿದು ಗದ್ದೆಗೆ ಹೋಗಲಿ, ನೂರು ವರ್ಷ ಬಾಳಲಿ. ಆದರೆ ನನ್ನ ಚಿತ್ತಪ್ಪನಿಗೆ ಏಕಿಲ್ಲ ಎಂದು ಕೇಳುವ ಹಕ್ಕು ನನಗಿದೆ. ಇದಕ್ಕೆ ಹೊಟ್ಟೆಕಿಚ್ಚು ಎನ್ನುವುದಾದರೆ ಅನ್ನಿ.

ಆದ್ದರಿಂದ ನನ್ನ ಬೇಡಿಕೆ. ನನಗೆ ಫಲಕ ಬೇಡ. ಬೇಡ ಎಂದು ಬರೆದು ಎರಡು ಸಲ ಹೊಡೆದುಹಾಕಿದೆ, ಆದರೂ ಬೇಡ. ಮುಯ್ಯಾಳುಗಳನ್ನು ಕರೆಸಿದ್ದಕ್ಕೆ ಶಿಕ್ಷೆ ಕೊಡುವುದಾದರೆ ನನಗೆ ಕೊಡಿ, ಸಂಬಳ ಕಡಿತ ಮಾಡಿ, ಕೆಲಸದಿಂದ ತೆಗೆದು ಬೇರೆಯವಳನ್ನು ನೇಮಿಸಿ. ಬಾಲವಾಡಿಯ ಬಾಗಿಲು ಮಾತ್ರ ತೆರೆದಿರಲಿ. ಮೌಲ್ಯಮಾಪನ ಮಾಡಲೇಬೇಕಾದರೆ ಹತ್ತಿ ಬಿಡಿಸುವ ಕಾಲದಲ್ಲಿ ಬನ್ನಿ, ಚಾವಡಿಗೆ ಆಮೇಲೆ ಬರಬಹುದು, ಮೊದಲು ಹೊಲದ ಬದುಗಳ ಮೇಲೆ ನಡೆಯಿರಿ, ಅಲ್ಲಿ ಮಗುವೊಂದು ಕಂಡರೆ ನನ್ನ ಅಂಕ ಕಳೆಯಿರಿ. ತಿಂಗಳ ಸಭೆಯಲ್ಲಿ ಯಾವುದು ಕೆಟ್ಟಿತು ಎಂದು ಹೇಳಿದವಳ ಅಂಕ ಇಳಿಸುವುದನ್ನು ನಿಲ್ಲಿಸಿ, ಆಗ ನಾವು ಮರದಡಿ ಆಡುವ ಮಾತು ನಿಮ್ಮ ಕಿವಿಗೂ ಬೀಳುತ್ತದೆ. ನಿರ್ಮಲಮ್ಮ ವಿಮಾನ ಹತ್ತಲಿ, ಅವಳಿಗೆ ಒಳ್ಳೆಯದಾಗಲಿ. ಅಲ್ಲಿ ಕೆಂಪಕ್ಕನ ಮಾತನ್ನು ಹೇಳುವುದಾದರೆ ಕೆಂಪಕ್ಕನ ಒಪ್ಪಿಗೆ ಕೇಳಿ, ನಮ್ಮೂರ ಹೆಸರು ಹಿಡಿದು ಹೇಳಲಿ.

ಇವುಗಳಲ್ಲಿ ಉಳಿದಿದ್ದಕ್ಕೆಲ್ಲ ನೀವು ಸಮಿತಿ ಮಾಡಿಕೊಂಡು ನಿಧಾನವಾಗಿ ಯೋಚಿಸಿ. ಬಾಲವಾಡಿ ಮುಚ್ಚುವ ಆದೇಶವನ್ನು ಮಾತ್ರ ಕೂಡಲೇ ಹಿಂತೆಗೆದುಕೊಳ್ಳಿ. ನಿನ್ನೆ ಸಂಜೆ ಮತ್ತೆ ಲಕ್ಷ್ಮಕ್ಕನ ಮನೆಯ ಮುಂದೆ ಹಾದು ಬಂದೆ. ಚಿತ್ತಪ್ಪ ಅದೇ ಕಂಬದ ಬುಡದಲ್ಲಿ ಕೂತಿದ್ದ. ಈಗ ಅಳುತ್ತಿಲ್ಲ.

ಇಂತಿ,
ಕೊಟ್ಟ ಮುಯ್ಯಿ ಹಿಂದಕ್ಕೆ ಬಾರದ,
ತಮ್ಮಿಂದ ಶೂನ್ಯ ಪಡೆದ,
ಉಚ್ಚಂಗೆಮ್ಮ
(ಈ ತಿಂಗಳ ಕೊನೆಯವರೆಗೆ) ಬಾಲವಾಡಿ ಶಿಕ್ಷಕಿ